ಇಪ್ಪತ್ನಾಲ್ಕನೇ ಗುಡ್ಡೆ

ಆತಗೂರು
ಯುಗಾದಿ ಹೊಸತೊಡಕು ಕಳೆದ ಮೇಲಿನ ಬುಧವಾರ

ಮಳವಳ್ಳಿ ನಿವಾಸಿಗಳಾದ ಪ್ರೀತಿಯ ಶಿವರಾಜು ಚಿಕ್ಕಪ್ಪನವರ ಸನ್ನಿಧಾನಕ್ಕೆ,

ತಮ್ಮ ಅಣ್ಣನ ಮಗಳು ಗಗನ ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ? ವೀಣ ಚಿಕ್ಕಮ್ಮನ ಬೆನ್ನು ನೋವು ಹೇಗಿದೆ? ಇಷ್ಟು ಬರೆಯೋದರಲ್ಲೇ ಕೈ ಸೋತು ಹೋಯ್ತು, ಇನ್ನು ಮೇಲೆ ನೀನು ಅಂತಲೇ ಬರೀತೀನಿ. ಈ ಕಾಲದಲ್ಲಿ ಕಾಗದ ಯಾಕೆ ಅಂತ ನಗಬೇಡ. ನಮ್ಮನೆಯವರ ನಂಬರನ್ನೆಲ್ಲ ಬ್ಲಾಕ್ ಮಾಡಿಕೊಂಡು ಕೂತಿದ್ದೀಯ. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡೋ ಬಟನ್ ಇನ್ನೂ ಬಂದಿಲ್ಲ. ಇಲ್ಲಿ ಅಜ್ಜಿ, ಅಪ್ಪ, ಅಮ್ಮ ಎಲ್ಲ ಚೆನ್ನಾಗಿದ್ದಾರೆ. ನಾನೊಬ್ಬಳೇ ಚೆನ್ನಾಗಿಲ್ಲ. ತಲೆಯೊಳಗೆ ಎರಡು ಲೆಕ್ಕ ಸಿಕ್ಕು ಹಾಕಿಕೊಂಡಿವೆ. ಒಂದು ಮೇಷ್ಟ್ರದ್ದು, ಇನ್ನೊಂದು ತಾತನದ್ದು.

ಮೇಷ್ಟ್ರದ್ದು ಅಪವರ್ತನ, ಅಂದರೆ ಸಂಖ್ಯೆ ಒಡೆಯೋ ಕೆಲಸ. ಇಪ್ಪತ್ನಾಲ್ಕನ್ನು ನಾಲ್ಕು ಆರು ಅಂತ ಒಡಿ, ಮೂರು ಎಂಟು ಅಂತ ಒಡಿ, ಇನ್ನು ಒಡೆಯೋಕಾಗಲ್ಲ ಅನ್ನೋವರೆಗೂ ಹೋದರೆ ಕೊನೆಗೆ ಉಳಿಯೋದು ಅವೇ, ಮೂರು ಸಲ ಎರಡು, ಒಂದು ಸಲ ಮೂರು. "ತಿರುಗ ಗುಣಿಸಿದ್ರೆ ಇಪ್ಪತ್ನಾಲ್ಕೇ ಬತ್ತದೆ, ಒಡೆದ್ರೆ ಏನೂ ಕಳ್ದೋಗಲ್ಲ ಕಣ್ರೋ" ಅಂತಾರೆ ಮೇಷ್ಟ್ರು. ಇಪ್ಪತ್ಮೂರು ಮಾತ್ರ ಅವಿಭಾಜ್ಯ, ಯಾರ ಮಾತಿಗೂ ಬಗ್ಗಲ್ಲ. ಅದರ ಸ್ವಭಾವ ಕೇಳುತ್ತಲೇ ನನಗೆ ತಾತನ ಮುಖ ಕಣ್ಣ ಮುಂದೆ ಬಂತು.

ಈಗ ತಾತನ ಲೆಕ್ಕ. ಹೋದ ವರ್ಷದ ಹೊಸತೊಡಕಿನದು ನಿನಗೆ ಗೊತ್ತಿರೋದೇ, ಆದರೂ ದಾಖಲೆಗೆ ಇರಲಿ. ಬೀದಿಯ ಇಪ್ಪತ್ನಾಲ್ಕು ಮನೆ ಸೇರಿ ಮರಿ ಕುಯ್ದು, ಮನೆಗೊಂದು ಗುಡ್ಡೆ ಬಾಡು ಹಾಕುತ್ತಿದ್ದಾಗ ನೀನು ಎದ್ದು ನಿಂತು, "ನಂದು ಬ್ಯಾರೆ ಗುಡ್ಡೆ ಆಕಿ" ಅಂದೆ. ಒಂದೇ ಒಲೆಯ ಮನೆಗೆ ಎರಡು ಗುಡ್ಡೆ ಅಂದರೆ ಮನೆ ಎರಡಾಯ್ತು ಅಂತಲೇ ಬೀದಿ ಲೆಕ್ಕ. ತಾತ ಕೈ ತೊಳೆದುಕೊಂಡು, "ಬ್ಯಾರೆ ಆಗೋನಿಗೆ ಈ ಊರ್ನಾಗೆ ಯಾಕ್ಲಾ ಗುಡ್ಡೆ" ಅಂತು. ಸಂಜೆ ಬಸ್ಸಿಗೆ ನೀನೂ ಚಿಕ್ಕಮ್ಮನೂ ಮಳವಳ್ಳಿ ಸೇರಿದಿರಿ. ಅವತ್ತಿಂದ ನಿನ್ನ ಹೆಸರು ನಮ್ಮನೆಯಲ್ಲಿ ಯಾರೂ ಎತ್ತುವಂತಿಲ್ಲ.

ಈ ವರ್ಷ ಬೆಟ್ಟಮ್ಮಜ್ಜಿ ಹರಕೆ ಅಂತ ಬಾಡು ಬಿಟ್ಟಿದ್ದರಿಂದ ಇಪ್ಪತ್ಮೂರೇ ಮನೆ. ಟಾರ್ಪಾಲು ಹಾಸಿಕೊಂಡು ತಾತ ನಿಂತೇ ಇತ್ತು. ಸಾಲು ಸಮ ಇಲ್ಲದಿದ್ದರೆ ಈಲಿ, ಎಲುಬು ಹಂಚುವಾಗ ಯಾರದೋ ಗುಡ್ಡೆ ತಪ್ಪಿಹೋಗುತ್ತೆ ಅಂತ ಅದರ ಹಠ. "ಲೇ ಮಾದಯ್ಯ, ಸಾಲು ಸೊಟ್ಟಗಾದ್ರೆ ಬಾಡೇನು ರುಚಿ ಕೆಡ್ತದಾ, ಆಕ್ಲಾ" ಅಂತ ಪಕ್ಕದ ಮನೆ ಅಂಕಯ್ಯ ತಾತ ನಮ್ಮ ತಾತನನ್ನು ರೇಗಿಸ್ತು. ಆಗ ನಮ್ಮ ತಾತ ನನ್ನ ಕಡೆ ತಿರುಗಿ, "ಓದೋಳು ನೀನು, ಇಪ್ಪತ್ಮೂರ ಎಂಗಮ್ಮಿ ಸಾಲು ಆಕದು?" ಅಂತು.

ನನಗೆ ಬೇಕಾಗಿದ್ದೂ ಅದೇ. ಪಕ್ಕದಲ್ಲಿದ್ದ ಕಲ್ಲು ಹತ್ತಿ, ಗಂಟಲು ಸರಿ ಮಾಡಿಕೊಂಡು ಘೋಷಿಸಿದೆ. "ಮಹಾಜನಗಳೇ, ಇಪ್ಪತ್ಮೂರು ಅವಿಭಾಜ್ಯ, ಸಮ ಸಾಲಿಗೆ ಬರುವುದಿಲ್ಲ. ಒಂದೇ ಸಾಲು ಹಾಕಿದರೆ ಕೊನೆಯ ಗುಡ್ಡೆ ಅಂಕಯ್ಯ ತಾತನ ಕೊಟ್ಟಿಗೆ ಮುಟ್ಟಿ ನಾಯಿ ಪಾಲಾಗುತ್ತದೆ. ಇನ್ನೊಂದು ಸೇರಿಸಿದರೆ ನಾಲ್ಕು ಸಾಲು, ಸಾಲಿಗೆ ಆರು. ಆ ಇನ್ನೊಂದು ಯಾರದು ಅಂತ ಗಣಿತ ಹೇಳುವುದಿಲ್ಲ. ಮಳವಳ್ಳಿಯಲ್ಲಿ ಒಬ್ಬರು ಇದ್ದಾರೆಂದು ಕೇಳಿದ್ದೇನೆ." ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. ನಾನು ಓಡೋ ದಿಕ್ಕು ನೋಡಿಟ್ಟುಕೊಂಡೇ ಮಾತಾಡಿದ್ದೆ, ಅದು ಬೇಕಾಗಲಿಲ್ಲ. ತಾತ ನಾಲ್ಕು ಸಾಲು ಹಾಕ್ತು. ನಮ್ಮ ಗುಡ್ಡೆಯ ಪಕ್ಕದಲ್ಲೇ ನಿಂದು.

ನನ್ನ ಗೊಂದಲ ಶುರುವಾಗಿದ್ದು ಇಲ್ಲಿಂದ. ನೀನು ಕೇಳಿದ್ದೂ ಇದೇ ಬೇರೆ ಗುಡ್ಡೆ. ಕೊಡಲ್ಲ ಅಂದ ತಾತನೇ ಈಗ ಹಾಕಿದೆ. ಇದು ನಿನ್ನನ್ನು ಕರೆದ ಹಾಗೋ, ಬೇರೆ ಮಾಡಿ ಮುಗಿಸಿದ ಹಾಗೋ? ಒಡೆದರೆ ಏನೂ ಕಳೆಯಲ್ಲ ಅನ್ನೋದು ಮನೆಗೂ ನಡೆಯುತ್ತಾ? ಅಪ್ಪನನ್ನು ಕೇಳಿದರೆ "ಓದ್ಕೊ ಓಗು" ಅಂತಾನೆ. ಅಜ್ಜಿ ನಿನ್ನ ಪಾಲನ್ನು ಒಲೆಗೆ ಹಾಕಲಿಲ್ಲ. ಉಪ್ಪು ಅರಿಶಿನ ಸವರಿ, ದಾರಕ್ಕೆ ಪೋಣಿಸಿ, ಉಪ್ಪುಕಂಡ ಮಾಡೋಕೆ ಬಿಸಿಲಿಗೆ ಕಟ್ಟಿದ್ದಾಳೆ. ತಾತ ಅದರ ಕೆಳಗೆ ಕೋಲು ಹಿಡಿದು ಕೂತಿದೆ. ಯಾರಿಗೆ ಇದು ಅಂದರೆ "ಕಾಗೆಗಂತೂ ಅಲ್ಲ" ಅನ್ನುತ್ತೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ, ನಿನಗೆ ಅಜ್ಜಿಯ ಆಶೀರ್ವಾದ. ತಾತನ ಆಶೀರ್ವಾದ ಕೇಳೋ ಧೈರ್ಯ ನನಗೆ ಬರಲಿಲ್ಲ.

ಇಂತಿ,
ಬೀದಿಯ ಆಸ್ಥಾನ ಗಣಿತಜ್ಞೆ
ಗಗನ

ತಡಿ, ಇನ್ನೊಂದಿದೆ: ಕವರ್ ಅಂಟಿಸೋ ಹೊತ್ತಿಗೆ ಮರಿ ತರೋ ಚಿಕ್ಕಣ್ಣ ಬಂದಿದ್ದ. ನನ್ನ ಭಾಷಣ ಹೊಗಳುತ್ತಾನೆ ಅಂತ ಕಾದರೆ ನಗುತ್ತಾನೆ. "ನಿಮ್ ತಾತ ಅಬ್ಬಕ್ಕೆ ಮುಂಚಿನ ದಿನಾನೇ ಸಿವರಾಜಂದೂ ಒಂದು ಗುಡ್ಡೆ ಸೇರ್ಸ್ಕೊ ಅಂದಿತ್ತು ಕಣಮ್ಮಿ." ಹಾಗಾದರೆ ನನ್ನನ್ನು ಬಿಸಿಲಲ್ಲಿ ಕಲ್ಲು ಹತ್ತಿಸಿದ್ದು ಯಾಕೆ? ತಾತನನ್ನೇ ಕೇಳಿದೆ. ಅದು ಮಳವಳ್ಳಿಗೆ ಬೆಳಗಿನ ಬಸ್ಸು ಎಷ್ಟೊತ್ತಿಗೆ ಅಂತ ನನ್ನನ್ನೇ ಕೇಳ್ತು. ಅದರ ಬಿಳಿ ಅಂಗಿ ಇಸ್ತ್ರಿಗೆ ಹೋಗಿದೆ. ಈ ಕಾಗದ ಮುಂಚೆ ಬರುತ್ತೋ, ತಾತ ಮುಂಚೆ ಬರುತ್ತೋ, ನನಗೆ ಗೊತ್ತಿಲ್ಲ.