ನಿಂತದ್ದು ಪ್ರೋಗ್ರಾಂ ಮಾತ್ರ

ಜನವರಿ 20, ಮಂಗಳವಾರ. ಬಾಳೂರು.

ಎರಡು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಹೊಗೆಯ ವಾಸನೆ ಹೋಗಿಲ್ಲ.

ಡ್ರೈಯರ್‌ನಲ್ಲಿ ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಳು, ಒಣಗಿದ ಕೂಡಲೇ ಗಂಟೆ ಬಾರಿಸಲೆಂದು ನಾನು ರಸ್ಟ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಒಮ್ಮೊಮ್ಮೆ ಸುಮ್ಮನಿದ್ದುಬಿಡುತ್ತದೆ. ಈ ಭಾಷೆ ತಪ್ಪು ಮಾಡಲು ಬಿಡುವುದೇ ಇಲ್ಲ ಎಂದು ಅಪ್ಪನೆದುರು ಕೊಚ್ಚಿಕೊಂಡವಳೂ ನಾನೇ. ಇವತ್ತು ಲ್ಯಾಪ್‌ಟಾಪನ್ನು ಡ್ರೈಯರ್ ಪಕ್ಕಕ್ಕೇ ಒಯ್ದು, ತಪ್ಪು ಹುಡುಕಲು ಡೀಬಗರ್ ಹಚ್ಚಿ, ತೇವದ ಲೆಕ್ಕ ಹಾಕುವ ಸಾಲಿನಲ್ಲಿ ಪ್ರೋಗ್ರಾಮನ್ನು ತಡೆದು ನಿಲ್ಲಿಸಿದೆ. ಒಂದೊಂದೇ ವೇರಿಯಬಲ್ ತೆರೆದು ನೋಡಿದೆ. ನನಗೆ ಬೇಕಾಗಿದ್ದ ಒಂದರ ಮುಂದೆ ಮಾತ್ರ ಬೆಲೆಯ ಬದಲು, ಕಂಪೈಲರ್ ಇದನ್ನು ಉಳಿಸಿಲ್ಲ ಎಂದು ಬಂತು. ಹಾಳಾದ್ದು. ಸಿಟ್ಟಿನಲ್ಲಿ ಅದರ ಹಿಂದೆಯೇ ಬಿದ್ದೆ.

ಪ್ರೋಗ್ರಾಂ ನಿಂತಿತ್ತು, ಡ್ರೈಯರ್‌ನ ಸೌದೆ ಒಲೆ ನಿಂತಿರಲಿಲ್ಲ. ನನಗೆ ಅದು ಹೊಳೆದದ್ದು ಸೀದ ವಾಸನೆ ಬಂದ ಮೇಲೆ.

ಮೇಸ್ತ್ರಿ ಗಿಡ್ಡಪ್ಪ ಓಡಿಬಂದ. ಇಬ್ಬರೂ ಸೇರಿ ಕೊಳ್ಳಿಗಳನ್ನು ಹೊರಗೆಳೆದೆವು. ಅವನು ಒಂದು ಕಾಳು ಕಚ್ಚಿದ. ಅತಿಯಾಗಿ ಒಣಗಿದ್ದು ಕಟಕ್ಕೆಂದು ಮುರಿಯಿತು. ಅಷ್ಟೂ ಕಾಫಿ ಹೋಯಿತು.

ಯಾರ ಮೇಲಾದರೂ ರೇಗಬೇಕಿತ್ತು. "ದಿನಾ ಬಂದು ಕಾಳು ಕಚ್ಚಿ ನೋಡ್ತಿದ್ಯಲ್ಲ ಗಿಡ್ಡಪ್ಪ, ಇವತ್ತು ಎಲ್ಲಿ ಹೋಗಿದ್ದೆ?"

"ಇವತ್ತು ನೀವೇ ಹತ್ರ ಕೂತಿದ್ರಲ್ಲ ಅಕ್ಕಾವ್ರೇ," ಎಂದ. "ಅದಕ್ಕೇ ನಾನು ಈ ಕಡೆ ಬರ್ಲಿಲ್ಲ."

ಬಗ್ ಇನ್ನೂ ಸಿಕ್ಕಿಲ್ಲ. ಬೆಳಿಗ್ಗೆ ಅಪ್ಪನಿಗೆ ಹೇಳಬೇಕು. ಕಣ್ಣು ಉರಿಯುತ್ತಿದೆ.

ಗಿಡ್ಡಪ್ಪನ ದನಿಯಲ್ಲಿ ಒಂದಿಷ್ಟು ಕೊಂಕು ಇದ್ದಿದ್ದರೆ ಈಗ ನಿದ್ದೆಯಾದರೂ ಬರುತ್ತಿತ್ತೇನೋ. ಇರಲಿಲ್ಲ.