ದೃಷ್ಟಿ ತಾಗದ ಹುಡುಗ

ಕ್ಯಾಂಪ್‌ಬೆಲ್, ಕ್ಯಾಲಿಫೋರ್ನಿಯಾ
೭-೮-೧೯೮೪, ಮಂಗಳವಾರ

ಪ್ರೀತಿಯ ಅಕ್ಕಾ,

ನಿನಗೂ ಭಾವನಿಗೂ ಗುಲಾಬಿಯ ನಮಸ್ಕಾರ. ಇವತ್ತು ಏಕಾದಶಿ, ನನಗೆ ನಿರಾಹಾರ. ಉಡುಪಿ ಪಂಚಾಂಗದ ಏಕಾದಶಿ ಈ ದೇಶದಲ್ಲಿ ಯಾವ ಹೊತ್ತಿಗೆ ಹಿಡಿಯುತ್ತದೆ, ಯಾವ ಹೊತ್ತಿಗೆ ಬಿಡುತ್ತದೆ ಎಂದು ಅಳಿಯ ಶ್ರೀಕಂಠ ಪ್ರತಿ ಸಲ ಕ್ಯಾಲ್ಕುಲೇಟರು ಒತ್ತಿ ಹೇಳುತ್ತಾನೆ. ಹೇಳಿ, ತಾನು ಮಾತ್ರ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ಆಫೀಸಿಗೆ ಹೋಗುತ್ತಾನೆ. ಬೆಳಿಗ್ಗೆ ಮಿಂದು, ಬಾಲ್ಕನಿಯ ಚಟ್ಟಿಯಲ್ಲಿರುವ ತುಳಸಿಗೆ ನೀರೆರೆದು, ದೇವರಿಗೆ ದೀಪ ಇಟ್ಟು, ಮಗಳು ಇಂದುವಿನ ಮಗುವನ್ನು ಮೀಯಿಸಿ ಮಲಗಿಸಿದೆ. ಬಟ್ಟೆ ಮೆಷಿನ್ನಿನಲ್ಲಿ ತಿರುಗುತ್ತಾ ಉಂಟು. ಕೈ ಖಾಲಿ, ಹೊಟ್ಟೆ ಖಾಲಿ, ಬಾಯಿ ಮಾತ್ರ ತುಂಬಿ ತುಳುಕುತ್ತಿದೆ. ಅದಕ್ಕೇ ಕಾಗದ ಹಿಡಿದು ಕೂತೆ. ನಿನ್ನ ಮೊಣಕಾಲು ನೋವು ಹೇಗಿದೆ? ಆ ಇಂಗ್ಲೆಂಡಿನ ಥಂಡಿಗೆ ಎಣ್ಣೆ ಬಿಸಿ ಮಾಡಿ ತಿಕ್ಕಿಕೋ ಎಂದು ಎಷ್ಟು ಸಲ ಬರೆದಿದ್ದೇನೆ. ಭಾವನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯಾ? ಊರಿಗೆಲ್ಲ ಮದ್ದು ಬರೆದುಕೊಡುವ ಡಾಕ್ಟರು ತನ್ನ ಗುಳಿಗೆ ಮರೆಯುತ್ತಾರೆ ಎಂದು ನೀನೇ ಬರೆದಿದ್ದಿ. ಹೆಂಡತಿ ಎದುರಿಗೆ ನಿಂತು ನುಂಗಿಸಬೇಕು ಮಾರಾಯ್ತಿ, ಬೇರೆ ದಾರಿ ಇಲ್ಲ.

ಈಗ ಸುದ್ದಿ ಕೇಳು. ಮೊನ್ನೆ ಶನಿವಾರ ನಾನು ನಿನ್ನ ಮಗ ಫುಟ್‌ಬಾಲ್ ಆಡುವುದನ್ನು ನೋಡಿದೆ! ಟಿವಿಯಲ್ಲಿ ಅಲ್ಲ, ಪಟದಲ್ಲಿ ಅಲ್ಲ, ಸ್ಯಾನ್ ಹೋಸೆಯ ಮೈದಾನದಲ್ಲಿ ಬೆಂಚಿನ ಮೇಲೆ ಕೂತು, ಆಮೇಲೆ ಬೆಂಚಿನ ಮೇಲೆ ನಿಂತು ನೋಡಿದೆ. ಇಂಗ್ಲೆಂಡಿನಲ್ಲಿ ಬೇಸಿಗೆ ರಜೆ ಬಿದ್ದಾಗ ಜಯರಾಜನನ್ನು ಇಲ್ಲಿಯ ಒಂದು ಸಣ್ಣ ತಂಡದವರು ಎರವಲು ಕರೆಸಿಕೊಂಡದ್ದು ನಿನಗೆ ಗೊತ್ತೇ ಇದೆ. ತಂಡದವರು ಕೊಟ್ಟ ಕೋಣೆ ಬಿಟ್ಟು ನಮ್ಮ ಅಪಾರ್ಟ್‌ಮೆಂಟಿನ ಸೋಫಾದ ಮೇಲೆಯೇ ಮಲಗುತ್ತಾನೆ. ಸೋಫಾದಿಂದ ಮೊಣಕಾಲ ಕೆಳಗಿನ ಭಾಗವೆಲ್ಲ ಹೊರಗೆ. ಬೆಳಿಗ್ಗೆ ದೇವರ ಕೋಣೆಗೆ ಹೋಗಬೇಕಾದರೆ ನಾನು ಆ ಕಾಲು ದಾಟಬಾರದು ಎಂದು ಸುತ್ತು ಬಳಸಿ ಹೋಗುತ್ತೇನೆ.

ಆಟಕ್ಕೆ ಮುಂಚೆ ಒಂದು ಪ್ರಸಂಗ ಆಯಿತು. ಹೇಳಿದರೆ ನಗಬೇಡ. ಅಷ್ಟು ಜನರ ಮುಂದೆ ಓಡಾಡುವ ಹುಡುಗ, ದೃಷ್ಟಿ ತೆಗೆಯದೆ ಕಳಿಸುವುದು ಹೇಗೆ? ಉಪ್ಪು, ಸಾಸಿವೆ, ಒಣಮೆಣಸು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದೆ. ಅವನು ಟಿಕೆಟು ಕೊಡಲು ಗೇಟಿನ ಹತ್ತಿರ ಬಂದಾಗ "ಬಗ್ಗು" ಎಂದೆ. ಆರಡಿಯ ಗಂಡಸು, ಮುರಿದು ಸೊಟ್ಟಗಾದ ಮೂಗು, ಎದುರಿನ ಹಲ್ಲಿಲ್ಲ, ಮರುಮಾತಿಲ್ಲದೆ ಬಗ್ಗಿದ. ಮೂರು ಸುತ್ತು ಇಳಿಸಿದೆ. ಇಳಿಸಿದ ಮೇಲೆ ಕೆಂಡಕ್ಕೆ ಹಾಕಬೇಕಲ್ಲ, ಕೆಂಡ ಎಲ್ಲಿ? ಇಲ್ಲಿಯ ಜನ ಆಟಕ್ಕೆ ಮುಂಚೆ ಕಾರು ನಿಲ್ಲಿಸುವ ಜಾಗದಲ್ಲೇ ಕಬ್ಬಿಣದ ಒಲೆ ಹೂಡಿ ಏನೇನೋ ಸುಟ್ಟು ತಿನ್ನುತ್ತಾರೆ. ಏನು ಸುಡುತ್ತಿದ್ದಾರೆ ಎಂದು ನಾನು ನೋಡಲಿಲ್ಲ. ಅಗ್ನಿಗೆ ಮೈಲಿಗೆ ಇಲ್ಲ ಎಂದುಕೊಂಡು, ಮುಖ ಆಚೆ ತಿರುಗಿಸಿ, ಒಂದು ಒಲೆಗೆ ಮುಷ್ಟಿಯಲ್ಲಿದ್ದದ್ದನ್ನು ಸುರಿದುಬಿಟ್ಟೆ. ಅಯ್ಯೋ ಅಕ್ಕಾ, ಆ ಘಾಟು! ಒಲೆಯ ಯಜಮಾನ, ದೊಡ್ಡ ಮೀಸೆಯವನು, ಕೆಮ್ಮಿ ಕೆಮ್ಮಿ ಕಾರಿಗೆ ಒರಗಿದ. ಸುತ್ತಲಿದ್ದವರೆಲ್ಲ ಕಣ್ಣೊರೆಸಿಕೊಂಡು ಚದುರಿದರು. ಶ್ರೀಕಂಠ "ಸಾರಿ, ಸಾರಿ" ಎನ್ನುತ್ತಾ ಎಲ್ಲರಿಗೂ ಕೈ ಮುಗಿಯುತ್ತಿದ್ದ. ಇಂದು ನನ್ನ ಮಗಳೇ ಅಲ್ಲ ಎಂಬ ಹಾಗೆ ದೂರ ಹೋಗಿ ನಿಂತಳು.

ನನಗೆ ಮಾತ್ರ ಬೇರೆಯೇ ದುಃಖ. ನಮ್ಮ ಅಜ್ಜಿ ಏನು ಹೇಳುತ್ತಿದ್ದರು, ನೆನಪುಂಟಲ್ಲ? ದೃಷ್ಟಿ ತಾಗಿದ್ದರೆ ಎಷ್ಟು ಮೆಣಸು ಸುಟ್ಟರೂ ಘಾಟು ಬರುವುದಿಲ್ಲ. ಹೀಗೆ ಊರೆಲ್ಲ ಕೆಮ್ಮಿತು ಎಂದರೆ ಈ ಹುಡುಗನಿಗೆ ಯಾರ ದೃಷ್ಟಿಯೂ ತಾಗಿಲ್ಲ ಎಂದಾಯಿತು. ಹದಿನಾರನೇ ವಯಸ್ಸಿನಿಂದ ಚೆಂಡು ಒದೆಯುತ್ತಿದ್ದಾನೆ, ಒಬ್ಬರ ಕಣ್ಣೂ ಬಿದ್ದಿಲ್ಲವೇ! ಹಾಗೆಂದು ಶ್ರೀಕಂಠನಿಗೆ ಹೇಳಿದರೆ, "ಅತ್ತೆ, ಇವ್ನು ಡಿಫೆಂಡ್ರು. ಗೋಲು ಹೊಡೆಯೋರ ಮೇಲೆ ದೃಷ್ಟಿ ಬೀಳತ್ತೆ, ತಡೆಯೋರ್ನ ಯಾರು ನೋಡ್ತಾರೆ?" ಎಂದು ನಕ್ಕ.

ನಿಜ ಹೇಳುತ್ತೇನೆ, ಮೊದಲರ್ಧ ನನಗೆ ಸಿಟ್ಟೇ ಬಂತು. ಉಳಿದವರೆಲ್ಲ ಚೆಂಡಿನ ಹಿಂದೆ ಓಡಿದರೆ ಇವನು ಹಿಂದೆಯೇ ನಿಂತಿದ್ದಾನೆ. ಏನೋ ತಪ್ಪು ಮಾಡಿ ಹಿಂದೆ ನಿಲ್ಲಿಸಿದ್ದಾರೆ ಎಂದು ತಿಳಿದೆ. ಆಮೇಲೆ ನೋಡುತ್ತಾ ನೋಡುತ್ತಾ ಅರ್ಥವಾಯಿತು. ಗರ್ಭಗುಡಿಯ ಬಾಗಿಲಲ್ಲಿ ಗದೆ ಹಿಡಿದು ನಿಲ್ಲುವ ದ್ವಾರಪಾಲಕರ ಕೆಲಸ ಇವನದು. ಮಂಗಳಾರತಿ ಅವರಿಗಿಲ್ಲ, ಆದರೆ ಅವರನ್ನು ದಾಟದೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಒಬ್ಬ ಜಿಂಕೆಯಂಥ ಹುಡುಗ ಪ್ರತಿ ಸಲ ನುಗ್ಗಿ ಬರುತ್ತಾನೆ, ಪ್ರತಿ ಸಲ ನಿನ್ನ ಮಗ ಅವನಿಗಿಂತ ಮೊದಲೇ ಅಲ್ಲಿರುತ್ತಾನೆ. ಓಡುವುದರಲ್ಲಿ ಆ ಹುಡುಗನಿಗೆ ಇವನು ಸಮನಲ್ಲ, ಅವನು ಎಲ್ಲಿಗೆ ಬರುತ್ತಾನೆಂದು ಇವನಿಗೆ ಗೊತ್ತು. ನಮ್ಮವರು ಒಂದು ಗೋಲು ಹೊಡೆದಿದ್ದರು. ಕೊನೆಯಲ್ಲಿ ಎದುರಿನವರು ಗೋಲು ಕಾಯುವವನನ್ನೂ ತಪ್ಪಿಸಿ ಚೆಂಡು ಒದ್ದರು. ಬಲೆ ಖಾಲಿ, ಚೆಂಡು ಹೋಗುತ್ತಾ ಉಂಟು, ನಾನು "ಕೃಷ್ಣಾ!" ಎಂದು ಕಿರುಚಿದೆ. ಎಲ್ಲಿದ್ದನೋ ನಿನ್ನ ಮಗ, ಗೆರೆಯ ಮೇಲೆ ಹಾರಿ ಹಣೆ ಕೊಟ್ಟ! ಚೆಂಡು ಆಚೆ, ಇವನು ಈಚೆ, ಮೂಗಿನಲ್ಲಿ ರಕ್ತ. ನಾನು ಬೆಂಚು ಹತ್ತಿ ತುಳುವಿನಲ್ಲಿ ಏನೇನು ಕೂಗಿದೆನೋ ನನಗೇ ಗೊತ್ತಿಲ್ಲ. ಆ ಮೀಸೆಯವನು ಹಿಂದಿನ ಸಾಲಿನಲ್ಲೇ ಇದ್ದ. ಅವನೂ ನನ್ನ ಜೊತೆ ಎದ್ದು ಕುಣಿದ. ಗೆದ್ದೆವು ಅಕ್ಕಾ, ಗೆದ್ದೆವು!

ಆಟ ಮುಗಿದದ್ದೇ ಜಯರಾಜ ನೇರ ಬೇಲಿಯ ಹತ್ತಿರ ಬಂದ. ಮಣ್ಣು, ರಕ್ತ, ಬೆವರು. ಎಲ್ಲರೆದುರು ಬೇಲಿಯ ಸಂದಿನಿಂದ ಕೈ ತೂರಿಸಿ ನನ್ನ ಕಾಲು ಮುಟ್ಟಿದ. ನಾನು ಉಟ್ಟದ್ದು ಹಸಿರು ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ. ತಂಡದವರನ್ನೆಲ್ಲ ಕರೆದು "ಮೈ ಆಂಟಿ, ಮೈ ಆಂಟಿ" ಎಂದು ತೋರಿಸಿದ. ಆಗಲೇ ನನ್ನ ಎದೆಯಲ್ಲಿ ನಿನ್ನ ಮಾತು ಚುಚ್ಚಿತು. ಅವನಿಗೆ ಇಪ್ಪತ್ತಾದಾಗ, ಮೊದಲ ದೊಡ್ಡ ಆಟದ ದಿನ, ನೀನು ರೇಷ್ಮೆ ಸೀರೆ ಉಟ್ಟು ಚಕ್ಕುಲಿ ಡಬ್ಬ ಹಿಡಿದು ಹೊರಟಿದ್ದೆ. ಅವನು ಬಾಗಿಲಲ್ಲಿ "ಅಮ್ಮ, ಬರಬೇಡ" ಎಂದುಬಿಟ್ಟ. ಅಂದಿನಿಂದ ಅವನು ಹಬ್ಬಕ್ಕೆ ಬರುತ್ತಾನೆ, ಉಣ್ಣುತ್ತಾನೆ, ಹೋಗುತ್ತಾನೆ. ನೀನು ಆಟದ ಸುದ್ದಿ ಎತ್ತುವುದಿಲ್ಲ, ಅವನೂ ಎತ್ತುವುದಿಲ್ಲ. "ನನ್ನ ಸೀರೆ ಕುಂಕುಮ ಅವನಿಗೆ ನಾಚಿಕೆ, ಗುಲಾಬಿ" ಎಂದು ನೀನು ಎಷ್ಟು ಕಾಗದದಲ್ಲಿ ಬರೆದಿದ್ದಿ!

ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಫ್ರೀಜರಿನ ಬಟಾಣಿ ಚೀಲವನ್ನು ಮೊಣಕಾಲಿಗೆ ಒತ್ತಿಕೊಂಡಿದ್ದ. ಆ ಬಟಾಣಿಯನ್ನು ಇನ್ನು ಪಲ್ಯಕ್ಕೆ ಹಾಕುವ ಹಾಗಿಲ್ಲ, ಇರಲಿ. ನಾನು ಸುತ್ತು ಬಳಸದೆ ಕೇಳಿಬಿಟ್ಟೆ: "ಚಿಕ್ಕಮ್ಮನನ್ನು ಕರೆಯುತ್ತಿ, ಹೆತ್ತವಳನ್ನು ಯಾಕೋ ಕರೆಯಲಿಲ್ಲ?" ಬಟಾಣಿ ಚೀಲವನ್ನು ಮಗುಚಿ ಇಟ್ಟುಕೊಂಡ. ಆಮೇಲೆ ಹೇಳಿದ. ಅಲ್ಲಿಯ ಮೈದಾನಗಳಲ್ಲಿ ಇವನ ಬಣ್ಣ ಹಿಡಿದು ಕೂಗುತ್ತಾರಂತೆ, ಅಕ್ಕಾ. ಇವನನ್ನು ಮಾತ್ರವಲ್ಲ, ಹೆತ್ತ ತಾಯಿಯನ್ನೂ ಸೇರಿಸಿ, ನಾನು ಕಾಗದದಲ್ಲಿ ಬರೆಯಲಾಗದ ಮಾತು. ಮಂಗನಿಗೆ ಎಸೆದ ಹಾಗೆ ಬಾಳೆಹಣ್ಣು ಎಸೆಯುತ್ತಾರಂತೆ. ಆ ಮೊದಲ ದಿನಕ್ಕೂ ಮುಂಚೆ ಚಿಕ್ಕ ಹುಡುಗರ ತಂಡದಲ್ಲಿ ಆಡುವಾಗಲೇ ಅವನು ಅದನ್ನು ಕೇಳಿದ್ದ. "ಅದು ಅಮ್ಮನ ಕಿವಿಗೆ ಬೀಳ್ಬಾರ್ದು ಚಿಕ್ಕಮ್ಮ. ಐ ಕುಡ್ ಟೇಕ್ ಇಟ್. ಅಮ್ಮ ಅಲ್ಲಿ ಕೂತಿದ್ರೆ ನನ್ನ ಕಾಲು ಓಡ್ತಿರ್ಲಿಲ್ಲ" ಎಂದ. ಇಷ್ಟೇ. ಬಾಗಿಲು ಕಾಯುವವನು ನಿನ್ನ ಬಾಗಿಲನ್ನೂ ಕಾದ. ನಾವು ಅದನ್ನು ನಾಚಿಕೆ ಎಂದುಕೊಂಡೆವು.

ಅವನ ಇಷ್ಟು ವರ್ಷದ ಬದುಕನ್ನು ಅವತ್ತೇ ಕೇಳಿದೆ. ಒಂದು ಸಮುದ್ರದ ದಡದ ಊರು, ಗಾಳಿಗೆ ಚೆಂಡೇ ಹಾರಿಹೋಗುತ್ತಿತ್ತಂತೆ. ಒಂದು ಕಲ್ಲಿದ್ದಲ ಊರು, ಒಂದು ಬಿಸ್ಕತ್ತು ಕಾರ್ಖಾನೆಯ ಊರು. ಪ್ರತಿ ಮೇ ತಿಂಗಳು ಮ್ಯಾನೇಜರು ಒಬ್ಬೊಬ್ಬರನ್ನೇ ಕೋಣೆಗೆ ಕರೆದು, ಇರು ಅಥವಾ ಹೋಗು ಎನ್ನುತ್ತಾನೆ. ಉಡುಪಿಯ ಮಠಗಳಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ ಬದಲಾದ ಹಾಗೆ ಇವನು ಊರು ಬದಲಿಸಿದ್ದಾನೆ, ಪೀಠ ಮಾತ್ರ ಸಿಕ್ಕಿಲ್ಲ. ಬೇಸಿಗೆಯಲ್ಲಿ ಮನೆಗಳಿಗೆ ಬಣ್ಣ ಹೊಡೆದದ್ದೂ ಉಂಟಂತೆ. ದೊಡ್ಡ ತಂಡದವರು ಒಂದು ಸಲವೂ ಕರೆಯಲಿಲ್ಲ. "ಬೇಸರ ಇಲ್ವಾ?" ಎಂದೆ. "ಪ್ರತಿ ಶನಿವಾರ ಮೂರು ಗಂಟೆಗೆ ಬೂಟು ಕಟ್ಟಿದೀನಲ್ಲ" ಎಂದು ಆ ಹಲ್ಲಿಲ್ಲದ ಬಾಯಿಯಲ್ಲಿ ನಕ್ಕ. ಎಷ್ಟು ಚಂದ ನಗುತ್ತಾನೆ ನಿನ್ನ ಮಗ!

ಒಂದು ಮಾತು ಕೇಳುತ್ತೇನೆ. ಮೂವತ್ತು ವರ್ಷ ಆ ದೇಶದಲ್ಲಿ ಇದ್ದಿ. ಬಸ್ಸಿನಲ್ಲಿ, ಅಂಗಡಿಯ ಸಾಲಿನಲ್ಲಿ, ಭಾವನ ಆಸ್ಪತ್ರೆಯ ಬಾಗಿಲಲ್ಲಿ ನೀನು ಕೇಳದ ಮಾತನ್ನು ಮೈದಾನದ ಮಂದಿ ಹೊಸದಾಗಿ ಏನು ಹೇಳಿಯಾರು? ನೀನು ಕೇಳಿದ್ದನ್ನು ಅವನಿಗೆ ಹೇಳಲಿಲ್ಲ, ಅವನು ಕೇಳಿದ್ದನ್ನು ನಿನಗೆ ಹೇಳಲಿಲ್ಲ. ತಾಯಿಯ ಕಣ್ಣು ಎಲ್ಲರ ಕಣ್ಣಿಗಿಂತ ಬೇಗ ತಾಗುತ್ತದಂತೆ. ಅವನಿಗೆ ನಿನ್ನದಾದರೂ ಒಮ್ಮೆ ತಾಗಲಿ.

ಭಾವನಿಗೆ ಇದನ್ನೆಲ್ಲ ಓದಿ ಹೇಳು. ಮಗ ಡಾಕ್ಟರಾಗಲಿಲ್ಲ ಎಂಬ ಕೊರಗು ಅವರಿಗೆ ಇನ್ನೂ ಇದ್ದರೆ, ಆ ಹಣೆ ಕೊಟ್ಟ ಕತೆಯನ್ನು ಎರಡು ಸಲ ಓದು. ಇಂದು ನಮಸ್ಕಾರ ಹೇಳಿದ್ದಾಳೆ, ಶ್ರೀಕಂಠನೂ. ಉಡುಪಿಯ ಕೃಷ್ಣ ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ತಂಗಿ
ಗುಲಾಬಿ

ತಾಜಾ ಕಲಂ: ಶ್ರೀಕಂಠ ಆಫೀಸಿನಿಂದ ಬಂದು ಕೆಳಗೆ ಕಾರಿನ ಹಾರನ್ನು ಒತ್ತುತ್ತಿದ್ದಾನೆ, ಜಯರಾಜನ ವಿಮಾನಕ್ಕೆ ಹೊತ್ತಾಯಿತು. ಈ ಕಾಗದ ಅವನ ಕೈಯಲ್ಲೇ ಬರುತ್ತದೆ. ಕನ್ನಡ ಓದಲು ಬಾರದ ಮಗ, ಇದು ಮಿಡಿ ಉಪ್ಪಿನಕಾಯಿಯ ವಿಚಾರ ಎಂದುಕೊಂಡಿದ್ದಾನೆ. ಅಸಲು ವಿಷಯ ಇಷ್ಟು. ಈ ವರ್ಷ ಅವನನ್ನು ತೆಗೆದುಕೊಂಡಿರುವುದು ನಿನ್ನ ಪಕ್ಕದ ಊರಿನ ತಂಡ. ಇದೇ ಕೊನೆಯ ವರ್ಷ, ಮೊಣಕಾಲು ಇನ್ನು ತಡೆಯುವುದಿಲ್ಲ ಎಂದಿದ್ದಾನೆ. ಇಪ್ಪತ್ತೈದನೇ ತಾರೀಕು ಶನಿವಾರ ಆ ಊರಿನಲ್ಲೇ ಮೊದಲ ಆಟ. "ಅಕ್ಕನ ಕಾಲಿಗೆ ಅಂಚೆ ಡಬ್ಬಿಯ ತನಕ ನಡೆಯಲಿಕ್ಕಾಗುವುದಿಲ್ಲ, ಆಟಕ್ಕೆ ಹೋಗುವ ದಾರಿಯಲ್ಲಿ ಮನೆಗೆ ಹೋಗಿ ಅವಳು ನನಗೆ ಬರೆದ ಉತ್ತರ ತೆಗೆದುಕೊಂಡು ಅಂಚೆಗೆ ಹಾಕು" ಎಂದು ಅವನಿಗೆ ಹೇಳಿದ್ದೇನೆ. ಏಕಾದಶಿಯ ದಿನ ಅರ್ಧ ಸುಳ್ಳು, ದೇವರು ಕ್ಷಮಿಸಲಿ. "ಆಯ್ತು ಚಿಕ್ಕಮ್ಮ" ಎಂದಿದ್ದಾನೆ. ಬೆಳಿಗ್ಗೆಯೇ ಬಾಗಿಲು ಬಡಿಯುತ್ತಾನೆ. ನೀನು ಏನೂ ಬರೆದಿಡಬೇಡ. ಆ ರೇಷ್ಮೆ ಸೀರೆ ಉಟ್ಟು, ಮೇಲೆ ಕೋಟು ಹಾಕಿ, ಕುಂಕುಮ ಇಟ್ಟು, ಚಕ್ಕುಲಿ ಡಬ್ಬ ಹಿಡಿದು ತಯಾರಾಗಿರು. ಸಂಜೆ ಮನೆಗೆ ಬಂದ ಮೇಲೆ ಉಪ್ಪು ಮೆಣಸು ಇಳಿಸು, ಘಾಟು ಬರುವುದಿಲ್ಲ ನೋಡು. ನನ್ನ ಉತ್ತರವನ್ನು ಅವನೇ ಬಂದು ಕೈಹಿಡಿದು ಕರೆದುಕೊಂಡು ಹೋಗಲಿ.