ಎಮ್ಮೆ ಒಪ್ಪಿದ ಕೈ

ದಾವಣಗೆರೆ
೯–೧೧–೧೯೬೩

ಚಿ. ಸೌ. ತಂಗಿ ಉಚ್ಚೆಂಗೆಮ್ಮನಿಗೆ ಹೊನ್ನಕ್ಕನ ಆಶೀರ್ವಾದ. ಹೊಟ್ಟೆ ಉರಿಯುತ್ತಿದ್ದರೂ ಪೂರ್ತಿ ಆಶೀರ್ವಾದವನ್ನೇ ಕಳಿಸಿದ್ದೇನೆ, ತೆಗೆದುಕೋ.

ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದ ವಾರಗಿತ್ತಿಯರಲ್ಲಿ ಓದು ಬರುವುದು ನಿನಗೊಬ್ಬಳಿಗೇ. ಹಾಗಾಗಿ ಇದನ್ನು ಆಸ್ಪತ್ರೆಯ ನೂರ್ಜಹಾನ್ ಸಿಸ್ಟರ್ ಕೈಲಿ ಬರೆಸುತ್ತಿದ್ದೇನೆ. ಖಾರವಾಗಿ ಹೇಳಿದ್ದನ್ನು ಖಾರವಾಗಿಯೇ ಬರೆಯಮ್ಮ ಎಂದು ಮೊದಲೇ ಹೇಳಿದ್ದೇನೆ.

ನಿನ್ನೆ ನಿಮ್ಮ ಭಾವ ಭಾನುವಳ್ಳಿಯಿಂದ ಬಂದಿದ್ದರು. ನನ್ನ ಕೈ ಹೇಗಿದೆ ಎಂದು ಕೇಳುವ ಮೊದಲೇ, "ಎಮ್ಮಿ ಉಚ್ಚೆಂಗೆಮ್ಮನ ಕೈಗೆ ಹೊಂದಿಕೆಂಡೈತೆ ಕಣೆ. ಕಾಲೂ ಎತ್ತಲ್ಲ, ಹಾಲೂ ಜಾಸ್ತಿನೇ ಕೊಡ್ತೈತೆ" ಎಂದರು. ಅವರು ತಂದ ಬಾಳೆಹಣ್ಣನ್ನು ಪಕ್ಕದ ಮಂಚದವಳಿಗೆ ಕೊಟ್ಟುಬಿಟ್ಟೆ.

ನನ್ನ ತವರಿನಿಂದ ಬಂದ ಎಮ್ಮೆ ಅದು. ನಾನು ಪಕ್ಕದಲ್ಲಿ ಕೂತರೆ ಮಾತ್ರ ಹಾಲು ಇಳಿಸುತ್ತಿತ್ತು, ಅತ್ತೆಗೂ ಒದ್ದಿತ್ತು. ನಿನಗೆ ಮಕ್ಕಳಿದ್ದಾರೆ, ಅತ್ತೆಯ ಬಾಯಲ್ಲಿ ಯಾವಾಗಲೂ ನಿನ್ನದೇ ಹೆಸರು. ಆ ಮನೆಯಲ್ಲಿ ನನ್ನನ್ನು ಹುಡುಕಿ ಕೂಗುತ್ತಿದ್ದದ್ದು ಅದೊಂದೇ. ಅದನ್ನೂ ತೆಗೆದುಕೊಂಡೆಯಲ್ಲ ಎಂದು ಅತ್ತುಬಿಟ್ಟೆ.

ಬಲಗೈ ಹೆಬ್ಬೆರಳ ಬುಡದ ಕೀಲು ಸವೆದಿದೆಯಂತೆ. ಹಾಲು ಹೇಗೆ ಕರೆಯುತ್ತೀ ತೋರಿಸು ಎಂದು ಡಾಕ್ಟರು ತಮ್ಮ ಬೆರಳನ್ನೇ ಚಾಚಿದರು. ನಾನು ಹೆಬ್ಬೆರಳು ಒಳಕ್ಕೆ ಮಡಚಿ ಗೆಣ್ಣಿನಿಂದ ಒತ್ತಿ ತೋರಿಸಿದೆ. ಹೀಗೆ ಒತ್ತೊತ್ತಿಯೇ ಕೀಲು ಹಾಳಾಗಿದ್ದು ಎಂದರು. ಈಗ ಎರಡು ದಾರಿ ಇವೆಯಂತೆ. ಬುಡದ ಪುಟ್ಟ ಮೂಳೆ ತೆಗೆದುಹಾಕಿದರೆ ನೋವು ಹೋಗುತ್ತದೆ, ಬೆರಳು ಚೆನ್ನಾಗಿ ಆಡುತ್ತದೆ, ಆದರೆ ಹಿಡಿತ ಸಡಿಲ. ಹಾಗೆ ಮಾಡಿಸಿಕೊಂಡ ಸುಗ್ರಾಬಿ ಎಂಬವಳು ಮೊನ್ನೆ ತೋರಿಸಲು ಬಂದಿದ್ದಳು. ರೊಟ್ಟಿ ಬಡಿಯುತ್ತಾಳಂತೆ, ಒದ್ದೆ ಸೀರೆ ಹಿಂಡಲು ಮಾತ್ರ ಮಗಳು ಬರಬೇಕಂತೆ. ಇನ್ನೊಂದು ದಾರಿ, ಮೂಳೆಗೆ ಮೂಳೆ ಸೇರಿಸಿ ಬೆಸೆಯುವುದು. ಹಿಡಿತ ಗಟ್ಟಿ ಬರುತ್ತದೆ, ಆದರೆ ಅಂಗೈ ಚಪ್ಪಟೆ ಊರಲಾಗದು, ಹೆಬ್ಬೆರಳು ಒಳಕ್ಕೆ ಮಡಚಲಾಗದು. ಎಮ್ಮೆ ಕರೆಯಲೇಬೇಕೆಂದರೆ ಬೆಸೆಸಿಕೊಂಡು, ಮುಷ್ಟಿ ಕಟ್ಟಿ ಕರೆಯುವುದನ್ನು ಕಲಿ ಎಂದರು.

ಮುಷ್ಟಿ ಕಟ್ಟಿ ಕರೆಯುವವಳು ನೀನು. ಬಟ್ಟೆ ಹಿಂಡಿದ ಹಾಗೆ ಕರೀತಾಳೆ ಎಂದು ಊರಿಗೆಲ್ಲ ಆಡಿಕೊಂಡವಳು ನಾನು. ಅದನ್ನು ನಿನ್ನ ಮುಂದೆ ಕೂತು ಕಲಿಯುವ ಗತಿ ನನಗೆ ಬ್ಯಾಡ. ಮೂಳೆ ತೆಗೆಸಿಕೊಂಡು ರೊಟ್ಟಿ ಬಡಿಯುತ್ತ ಇದ್ದುಬಿಡುತ್ತೇನೆ, ಎಮ್ಮೆ ನಿನಗೇ ಇರಲಿ. ಆದರೆ ಅದರ ಕೊರಳು ಕೆರೆಯಬೇಡ ಉಚ್ಚೆಂಗಿ, ಅಷ್ಟಾದರೂ ನನಗೆ ಬಿಡು.

ಇಂತಿ,
ನಿನಗಿಂತ ಮೊದಲು ಆ ಮನೆ ಹೊಕ್ಕವಳು,
ಹೊನ್ನಕ್ಕ
(ಎಡಗೈ ಹೆಬ್ಬೆಟ್ಟಿನ ಗುರುತು)

ವಿ. ಸೂ.: ಇದು ಅವರು ಬರೆಸಿದ್ದಲ್ಲ, ಸಿಸ್ಟರ್ ನೂರ್ಜಹಾನ್ ಆದ ನಾನೇ ಬರೆಯುತ್ತಿದ್ದೇನೆ. ಹೆಬ್ಬೆಟ್ಟು ಒತ್ತಿದ ಮೇಲೆ ಡಾಕ್ಟರು ಬಂದರು. ಹೊನ್ನಕ್ಕನವರು ಗೋಡೆ ಕಡೆ ಮುಖ ಮಾಡಿ, "ಬೆಸೆದುಬಿಡ್ರಿ" ಎಂದರು. ಆಮೇಲೆ ನನ್ನಿಂದ ಹಳೆಯದಾಗಿ ಬಿಸಾಡಲಿದ್ದ ರಬ್ಬರ್ ಗ್ಲೌಸು ಇಸಿದುಕೊಂಡು, ನೀರು ತುಂಬಿಸಿ, ಅದರ ಬೆರಳತುದಿಗೆ ಸೂಜಿ ಚುಚ್ಚಿ, ಮಂಚದ ಸರಳಿಗೆ ಕಟ್ಟಿಸಿದ್ದಾರೆ. ಎಡಗೈ ಮುಷ್ಟಿಯಲ್ಲಿ ಅದನ್ನು ಕರೆಯುತ್ತ ಕೂತಿದ್ದಾರೆ. ನೀರು ಕೆಳಗಿಳಿಯದೆ ಮೇಲಕ್ಕೇ ಹೋಗುತ್ತಿದೆ. ಮುಷ್ಟಿ ಕಟ್ಟಿ ಕರೆಯುವಾಗ ಮೊದಲು ಯಾವ ಬೆರಳು ಬಿಗಿಯಬೇಕೆಂದು ದಯವಿಟ್ಟು ನನ್ನ ಹೆಸರಿಗೆ ಬರೆಯಿರಿ. ನಿಮ್ಮನ್ನು ಕೇಳಿದೆನೆಂದು ಅವರಿಗೆ ಹೇಳುವುದಿಲ್ಲ.